ಹಸಿ ಕಸದೊಳಗಿನ ಸೂಜಿ: ಕೊಪ್ಪಳ ಜಿಲ್ಲೆಯ ಒಂದು ಪಟ್ಟಣದ ಪ್ರಕರಣ

ಅಕ್ಕನ ಬೆರಳಿಗೆ ಸೂಜಿ ಚುಚ್ಚಿದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ. ನನಗೆ ಗೊತ್ತಾಗಿದ್ದು ಗುರುವಾರ ಹತ್ತು ಗಂಟೆಗೆ. ನಡುವೆ 75 ಗಂಟೆ ಕಳೆದಿತ್ತು. ಎಚ್‌ಐವಿ ತಡೆಯುವ ಮಾತ್ರೆ ಶುರು ಮಾಡಲು ಇರುವ ಗಡುವು 72 ಗಂಟೆ. ಮೂರೇ ಮೂರು ಗಂಟೆ ತಡವಾಗಿತ್ತು. ಇದನ್ನೆಲ್ಲ ಬರೆದಿಡಬೇಕು ಅಂತ ನನಗೆ ಅನಿಸಿದ್ದೇ ಆ ಮೂರು ಗಂಟೆಯಿಂದ.

ನಾನು ಆಗ ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಪುರಸಭೆಯ ಆರೋಗ್ಯ ನಿರೀಕ್ಷಕನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಜನರ ಹೆಸರೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಸೂಜಿ ಚುಚ್ಚಿಸಿಕೊಂಡ ಪೌರಕಾರ್ಮಿಕ ಮಹಿಳೆಯನ್ನು ಇಲ್ಲಿ ಅಕ್ಕ ಅಂತಲೇ ಕರೆಯುತ್ತೇನೆ. ಊರಿನಲ್ಲೂ ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು.

ಊರು ಹೇಗಿತ್ತು, ಕಸ ಹೇಗಿತ್ತು

ಬಯಲುಸೀಮೆಯ ಊರು ಅದು. ಸುತ್ತ ಜೋಳ, ಸಜ್ಜೆ, ಅಲ್ಲಲ್ಲಿ ದಾಳಿಂಬೆ ತೋಟ. ಹಳ್ಳಿಗಳಲ್ಲಿ ಕುರಿ ಸಾಕುವವರು ಜಾಸ್ತಿ. ವಾರಕ್ಕೊಮ್ಮೆ ಭಾನುವಾರ ಸಂತೆ. ಅವತ್ತು ಊರಿನ ಜನ ಎರಡರಷ್ಟಾಗುತ್ತಾರೆ. ಒಂದು ಸರ್ಕಾರಿ ಆಸ್ಪತ್ರೆ, ಒಂದು ಪಶು ಆಸ್ಪತ್ರೆ, ಕೆಲವು ನರ್ಸಿಂಗ್ ಹೋಮು, ಸಣ್ಣ ಕ್ಲಿನಿಕ್ಕುಗಳು, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಸಾಲಾಗಿ ಮೆಡಿಕಲ್ ಶಾಪುಗಳು. ಇಂಥ ಊರು ನಮ್ಮ ಕಡೆ ಹತ್ತಾರು ಸಿಗುತ್ತವೆ.

ಕಸದ ಆಟೋ ಟಿಪ್ಪರ್ ದಿನಾ ಬೆಳಿಗ್ಗೆ ಬೀದಿಗೆ ಹೋಗುತ್ತಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ಮೈಕಿನಲ್ಲಿ ಹಾಡು ಹಾಕುತ್ತಿದ್ದೆವು. ಅರ್ಧ ಮನೆಯವರು ಬೇರೆ ಮಾಡಿ ಕೊಡುತ್ತಿದ್ದರು. ಉಳಿದವರು ಎಲ್ಲವನ್ನೂ ಒಂದೇ ಕ್ಯಾರಿಬ್ಯಾಗಿಗೆ ತುಂಬಿ, ಬಾಯಿ ಗಂಟು ಹಾಕಿ ಆಟೋದೊಳಗೆ ಎಸೆಯುತ್ತಿದ್ದರು. ಆ ಗಂಟು ಬಿಚ್ಚಿ ಹಸಿ, ಒಣ ಅಂತ ಬೇರೆ ಮಾಡುವ ಕೆಲಸ ಅಕ್ಕ ಮತ್ತು ಅವರ ಜೊತೆಗಾರರದು. ಮನೆಯವರು ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸವನ್ನು ಈ ಹೆಂಗಸರು ದಿನಕ್ಕೆ ನೂರಾರು ಸಲ, ಬರಿಗೈಯಲ್ಲಿ ಮಾಡುತ್ತಿದ್ದರು.

ಬರಿಗೈ ಯಾಕೆ? ಕೈಗವಸು ಕೊಟ್ಟಿದ್ದೆವು. ಸಹಿ ಹಾಕಿಸಿಕೊಂಡೇ ಕೊಟ್ಟಿದ್ದೆವು. 2016ರ ಘನತ್ಯಾಜ್ಯ ನಿಯಮದಲ್ಲಿ ಕಾರ್ಮಿಕರಿಗೆ ಸಮವಸ್ತ್ರ, ಕೈಗವಸು, ಮಾಸ್ಕು, ಪಾದರಕ್ಷೆ, ರೇನ್‌ಕೋಟು ಕೊಡಬೇಕು ಅಂತ ಇತ್ತು. ಆ ಮಟ್ಟಿಗೆ ನಮ್ಮ ಫೈಲು ಸರಿಯಿತ್ತು. ಆದರೆ ಅಕ್ಕ ಆಮೇಲೆ ಹೇಳಿದ ಮಾತು ಫೈಲಿನಲ್ಲಿ ಇರಲಿಲ್ಲ: "ದಪ್ಪನ ಕೈಗವಸು ಹಾಕ್ಕೊಂಡ್ರ ಗಂಟು ಬಿಚ್ಚಾಕ ಬರಂಗಿಲ್ರಿ ಸರ. ತೆಳ್ಳಂದು ಹಾಕ್ಕೊಂಡ್ರ ಎರಡು ದಿನಕ್ಕ ಹರೀತದ."

ಆ ನಾಲ್ಕು ದಿನ

ಸೋಮವಾರದ ಕಸ ಯಾವಾಗಲೂ ಜಾಸ್ತಿ, ಸಂತೆಯ ಮರುದಿನ ಅಲ್ವಾ. ಅಕ್ಕ ಒಂದು ಕಪ್ಪು ಚೀಲದ ಗಂಟು ಬಿಚ್ಚುವಾಗ ಬಲಗೈ ತೋರುಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಸೂಜಿ. ಅದನ್ನು ಕಿತ್ತು ಕಸದೊಳಗೆ ಎಸೆದರು. ಬೆರಳನ್ನು ಬಾಯಲ್ಲಿಟ್ಟು ರಕ್ತ ಹೀರಿ ಉಗುಳಿದರು. ಆಮೇಲೆ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಿಕೊಂಡು ಕೆಲಸ ಮುಂದುವರಿಸಿದರು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಸೂಜಿ ಚುಚ್ಚಿದಾಗ ಬೆರಳು ಹಿಂಡಬಾರದು, ಬಾಯಲ್ಲಿ ಇಡಬಾರದು. ಸುಣ್ಣ, ಅರಿಶಿನ, ಸ್ಪಿರಿಟ್ಟು, ಬ್ಲೀಚಿಂಗ್ ನೀರು ಯಾವುದೂ ಬೇಡ. ಹರಿಯುವ ನೀರು, ಸಾಬೂನು ಸಾಕು. ಚೆನ್ನಾಗಿ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಇದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಕಲಿತಿದ್ದೆ. ಅಕ್ಕನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ದಿನಾ ಆ ಕಸಕ್ಕೆ ಕೈ ಹಾಕುತ್ತಿದ್ದವರು ಅವರು, ನಾನಲ್ಲ.

ಗುರುವಾರ ಹಾಜರಿ ಹಾಕುವ ಹೊತ್ತಿಗೆ ಜೊತೆಗಾರ್ತಿ ಒಬ್ಬರು ಮೆಲ್ಲಗೆ ಹೇಳಿದರು, ಅಕ್ಕನ ಬೆರಳು ಬಾತಿದೆ ಅಂತ. ಕರೆದು ಕೇಳಿದೆ. ಮೊದಲು ಮುಳ್ಳು ಚುಚ್ಚಿತು ಅಂದರು. ಇನ್ನೊಂದು ಸಲ ಕೇಳಿದಾಗ ನಿಜ ಹೇಳಿದರು. "ಹೇಳಿದ್ರ ಕೈಗವಸು ಯಾಕ ಹಾಕ್ಕೊಂಡಿಲ್ಲ ಅಂತ ಬೈತೀರಿ, ಒಂದ್ ದಿನದ ಪಗಾರ ಹಿಡೀತಾರ ಅಂತ ಸುಮ್ನಿದ್ನಿರಿ." ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕೈಗವಸು ಹಾಕದವರಿಗೆ ಪಗಾರ ಕಡಿತ ಅಂತ ಎರಡು ತಿಂಗಳ ಹಿಂದೆ ಮೇಸ್ತ್ರಿ ಎಲ್ಲರೆದುರು ಹೇಳಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ.

ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯೆ ಬಿಡಿಸಿ ಹೇಳಿದರು. ಸೂಜಿ ಚುಚ್ಚಿದರೆ ಮುಖ್ಯವಾಗಿ ಮೂರು ಸೋಂಕಿನ ಚಿಂತೆ: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ. ಸೋಂಕಿರುವವರ ತಾಜಾ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸುಮಾರು 1000ಕ್ಕೆ 3. ಹೆಪಟೈಟಿಸ್ ಸಿಗೆ ಹೆಚ್ಚೆಂದರೆ 100ಕ್ಕೆ 2-3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಮಾತ್ರ 100ಕ್ಕೆ 6ರಿಂದ 30ರವರೆಗೆ ತಗುಲಬಹುದು. ಕಸದಲ್ಲಿ ಬಿದ್ದು ಒಣಗಿದ ಸೂಜಿಯಲ್ಲಿ ಎಚ್‌ಐವಿ ಬಹಳ ಹೊತ್ತು ಬದುಕುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸು ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಎಚ್‌ಐವಿ ಅಂದರೆ ನಾವೆಲ್ಲ ಬೆಚ್ಚಿಬೀಳುತ್ತೇವೆ. ಆದರೆ ಕಸ ಆಯುವವರ ಕೈಗೆ ನಿಜವಾಗಿ ಹತ್ತಿರ ಇರುವುದು ಹೆಪಟೈಟಿಸ್ ಬಿ. ಮೂರು ಡೋಸ್ ಲಸಿಕೆಯಿಂದ ತಡೆಯಬಹುದಾದದ್ದೂ ಈ ಮೂರರಲ್ಲಿ ಅದೊಂದೇ. ಅಕ್ಕ ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದರು. ಒಂದು ಡೋಸೂ ಆಗಿರಲಿಲ್ಲ.

ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ಕೊಟ್ಟರೆ 28 ದಿನ ನುಂಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಕ್ಕನಿಗೆ ಆ ದಾರಿ ಮುಚ್ಚಿತ್ತು. ಉಳಿದದ್ದು ಹೆಪಟೈಟಿಸ್ ಬಿ. ಅವತ್ತೇ ಮೊದಲ ಡೋಸ್ ಲಸಿಕೆ ಹಾಕಿದರು, ಟಿಟಿ ಇಂಜೆಕ್ಷನ್ನೂ ಕೊಟ್ಟರು. ವೈರಸ್ಸಿನ ಜೊತೆ ಹೋರಾಡುವ ಸಿದ್ಧ ಪ್ರತಿಕಾಯ ಇರುವ ಇಮ್ಯುನೊಗ್ಲೋಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಇದೆ. ಆದಷ್ಟು ಬೇಗ, ಹೆಚ್ಚೆಂದರೆ 7 ದಿನದೊಳಗೆ ಕೊಡಬೇಕು. ಅದು ನಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲ, ಬೆಲೆಯೂ ಜಾಸ್ತಿ. ದುಡ್ಡು ಯಾವ ಲೆಕ್ಕದಿಂದ ಅನ್ನುವ ಚರ್ಚೆಯಲ್ಲಿ ಒಂದು ದಿನ ಹೋಯಿತು. ಕೊನೆಗೆ ಪುರಸಭೆಯ ಮುಖ್ಯಾಧಿಕಾರಿಗಳು, "ಮೊದಲು ತರಸ್ರಿ, ಲೆಕ್ಕ ಆಮೇಲೆ ನೋಡೋಣ" ಅಂದರು. ಶನಿವಾರ ಮಧ್ಯಾಹ್ನ ಐಸ್ ಡಬ್ಬಿಯಲ್ಲಿ ಬಂತು. ಆರನೇ ದಿನ. ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಮೊದಲು ಮಾಡಿದ್ದು, ಅದು ತಪ್ಪಿದ್ದು

ಸೂಜಿ ಎಲ್ಲಿಂದ ಬಂತು? ನಮಗೆಲ್ಲ ಉತ್ತರ ಗೊತ್ತಿದೆ ಅಂತಲೇ ನಾವು ಅಂದುಕೊಂಡಿದ್ದೆವು. ನರ್ಸಿಂಗ್ ಹೋಮಿನವರು, ಇನ್ಯಾರು?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಸ್ಪಷ್ಟವಾಗಿದೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಅಂಗಾಂಶ ಹಳದಿ ಚೀಲಕ್ಕೆ. ಸಲೈನ್ ಪೈಪು, ಸೂಜಿ ತೆಗೆದ ಸಿರಿಂಜು, ಕೈಗವಸು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿ ಡಬ್ಬಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಸಾಮೂಹಿಕ ಸಂಸ್ಕರಣಾ ಘಟಕದ ಗಾಡಿಗೆ ಬಾರ್‌ಕೋಡ್ ಅಂಟಿಸಿ ಕೊಡಬೇಕು. ಪುರಸಭೆಯ ಕಸದ ಜೊತೆ ಬೆರೆಸುವಂತೆಯೇ ಇಲ್ಲ.

ಹೀಗಾಗಿ ಮುಂದಿನ ವಾರ ನಾವು ಎಲ್ಲ ನರ್ಸಿಂಗ್ ಹೋಮು, ಕ್ಲಿನಿಕ್ಕುಗಳ ಮೇಲೆ ತಪಾಸಣೆಗೆ ಹೋದೆವು. ಒಬ್ಬರ ಹಿತ್ತಲಲ್ಲಿ ಕೆಂಪು ಚೀಲಕ್ಕೆ ಹೋಗಬೇಕಾದ ಸಲೈನ್ ಬಾಟ್ಲಿಗಳು ಗುಜರಿಯವನಿಗಾಗಿ ಕಾಯುತ್ತಿದ್ದವು. ಇದನ್ನು ಹಗುರವಾಗಿ ನೋಡುವಂತಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳು ಮತ್ತೆ ಬಳಕೆಗೆ ಬಂದು ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಗುಜರಿಗೆ ಹೋದ ಸಿರಿಂಜು ಮತ್ತೆ ಎಲ್ಲಿಗೆ ಬರುತ್ತದೆ ಅಂತ ಯಾರಿಗೂ ಹೇಳಲಾಗದು. ಅವರಿಗೆ ನೋಟಿಸು ಕೊಟ್ಟೆವು, ದಂಡ ಹಾಕಿದೆವು. ಇನ್ನೂ ಕೆಲವರಿಗೂ ಹಾಕಿದೆವು. ಪೇಪರಿನಲ್ಲಿ ಸುದ್ದಿ ಬಂತು. ನನಗೂ ಸಮಾಧಾನ ಆಯಿತು.

ಮೂರು ವಾರದಲ್ಲಿ ಆ ಸಮಾಧಾನ ಕರಗಿತು. ಆಟೋದಲ್ಲಿ ಸೂಜಿ ಕಮ್ಮಿ ಆಗಿದ್ದು ನಿಜ. ಆದರೆ ಹಳ್ಳದ ದಂಡೆಯಲ್ಲಿ ರಾತ್ರೋರಾತ್ರಿ ಚೀಲಗಳು ಬೀಳತೊಡಗಿದವು. ಬಸ್ ಸ್ಟ್ಯಾಂಡ್ ಹಿಂದೆ ಸಲೈನ್ ಪೈಪು ಸುಟ್ಟ ಕಪ್ಪು ಗುಡ್ಡೆ ಸಿಕ್ಕಿತು. ಅಂಥ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಸೇರುತ್ತದೆ. ಪಕ್ಕದಲ್ಲೇ ಹಣ್ಣಿನ ಗಾಡಿಗಳು ನಿಲ್ಲುತ್ತಿದ್ದವು. ಬೂದಿ ಕೆದಕಿದರೆ ಸೂಜಿಗಳು ಹಾಗೇ ಇದ್ದವು. ಬೆಂಕಿಗೆ ಅವುಗಳ ಮೊನೆ ಹೋಗಿರಲಿಲ್ಲ. ಕಸ ಹೆಕ್ಕುವ ಮಕ್ಕಳು ಓಡಾಡುವ ಜಾಗ ಅದು. ನಾವು ಅಪಾಯವನ್ನು ಅಕ್ಕನ ಕೈಯಿಂದ ತೆಗೆದು ಆ ಮಕ್ಕಳ ಕಾಲಿನ ಕೆಳಗೆ ಇಟ್ಟಿದ್ದೆವು.

ದಂಡ ಹಾಕಿದ್ದನ್ನೇ ತಪ್ಪು ಅನ್ನುವುದಿಲ್ಲ. ಸಲೈನ್ ಬಾಟ್ಲಿ ಗುಜರಿಗೆ ಮಾರಿದವರಿಗೆ ದಂಡ ಬೇಕೇ ಬೇಕು. ನನ್ನ ತಪ್ಪು ಇದ್ದದ್ದು ಬೇರೆ ಕಡೆ. ಒಂದು ಬಾಗಿಲು ಮುಚ್ಚುವ ಮೊದಲು ಇನ್ನೊಂದು ಬಾಗಿಲು ತೆರೆದಿರಲಿಲ್ಲ. ಕ್ಲಿನಿಕ್ಕಿನ ಆಯಾ ಒಬ್ಬರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: "ಗಾಡಿ ಬರಲಿಲ್ಲ ಅಂದ್ರ ಮೂರನೇ ದಿನಕ್ಕ ಈ ಚೀಲ ಎಲ್ಲಿಡಲ್ರಿ? ವಾಸನಿ ಬರ್ತದ, ಪೇಷಂಟ್ ಬೈತಾರ." ದೊಡ್ಡ ನರ್ಸಿಂಗ್ ಹೋಮಿಗೆ ಗಾಡಿ ತಪ್ಪದೆ ಬರುತ್ತಿತ್ತು. ಎರಡು ಖೋಲಿಯ ಕ್ಲಿನಿಕ್ಕಿನ ಮುಂದೆ ನಿಲ್ಲದೆ ಹೋಗುತ್ತಿತ್ತು.

ಕೂತು ಎಣಿಸಿದ ವಾರ

ಇಡೀ ಪ್ರಕರಣ ತಿರುಗಿದ್ದು ಅಕ್ಕನ ಒಂದು ಮಾತಿನಿಂದ. ತಿಂಗಳ ಮೇಲೆ ಎರಡನೇ ಡೋಸ್ ಲಸಿಕೆಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರು, "ಸರ, ನೀವು ದವಾಖಾನಿಯವ್ರನ್ನ ಹಿಡಿದ್ರಿ. ನಂಗ ಚುಚ್ಚಿದ್ದು ಸಣ್ಣ ಸೂಜಿರಿ. ದವಾಖಾನಿ ಸೂಜಿ ಉದ್ದ ಇರ್ತದಲ್ಲ?" ಅಂದರು.

ಅಲ್ಲಿವರೆಗೆ ಯಾವ ಸೂಜಿ ಅಂತ ನಾನು ಕೇಳೇ ಇರಲಿಲ್ಲ.

ಒಂದು ವಾರ ಕಸ ಎಣಿಸೋಣ ಅಂತ ತೀರ್ಮಾನಿಸಿದೆವು. ಒಣ ಕಸದ ಶೆಡ್ಡಿನಲ್ಲಿ ದಪ್ಪ ತಾಡಪತ್ರಿ ಹಾಸಿ, ಒಂದೊಂದು ಆಟೋದ ಕಸವನ್ನು ಬೇರೆ ಬೇರೆ ಸುರಿದೆವು. ಯಾರೂ ಕೈ ಹಾಕುವಂತಿಲ್ಲ, ಉದ್ದ ಚಿಮಟಿಗೆಯಲ್ಲೇ ತೆಗೆಯಬೇಕು. ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು, ಪಶು ಆಸ್ಪತ್ರೆಯ ಪರಿವೀಕ್ಷಕರೊಬ್ಬರು ರಜೆ ಹಾಕಿ ಬಂದು ಕೂತರು. ಸೂಜಿ ಸಿಕ್ಕಿದ ಕೂಡಲೇ ಬಿಳಿ ಡಬ್ಬಿಗೆ. ಯಾವ ಬೀದಿ, ಎಂಥ ಸೂಜಿ ಅಂತ ಪುಸ್ತಕದಲ್ಲಿ ಒಂದು ಗೆರೆ. ಏಳು ದಿನ ಹೀಗೇ ನಡೆಯಿತು.

ಸೂಜಿಯನ್ನು ನೋಡಿದರೆ ಅದು ಎಲ್ಲಿಂದ ಬಂತು ಅಂತ ಬಹಳ ಮಟ್ಟಿಗೆ ಹೇಳಬಹುದು ಅನ್ನುವುದು ನನಗೆ ಆ ವಾರ ಗೊತ್ತಾಯಿತು. ಕೆಂಪು ಟೋಪಿಯ ಸಣ್ಣ ಸಿರಿಂಜು ಶುಗರಿನವರ 40 ಯೂನಿಟ್ ಇನ್ಸುಲಿನ್ನಿನದು. ಉಗುರಿನ ಅರ್ಧದಷ್ಟೂ ಉದ್ದವಿಲ್ಲದ, ಪ್ಲಾಸ್ಟಿಕ್ ತಿರುಪಿನ ಸೂಜಿ ಇನ್ಸುಲಿನ್ ಪೆನ್ನಿನದು. ಚಿಟ್ಟೆ ರೆಕ್ಕೆಯಂತಿರುವ ಸೂಜಿ, ಸಲೈನ್ ಸೆಟ್ಟು ದವಾಖಾನೆಯವು. ದಪ್ಪನೆಯ, ಬುಡ ಲೋಹದ್ದಾದ ಸೂಜಿ ದನ-ಕುರಿಯದು. ಅದರ ಜೊತೆ ಸಿಗುವ ಔಷಧದ ಬಾಟ್ಲಿಯ ಮೇಲೆ ಪಶು ಬಳಕೆಗೆ ಮಾತ್ರ ಅಂತ ಅಚ್ಚಾಗಿರುತ್ತದೆ.

ಎಣಿಸಿ ಮುಗಿದಾಗ ನಾವೆಲ್ಲ ಸುಮ್ಮನಾದೆವು. ಅರ್ಧಕ್ಕಿಂತ ಜಾಸ್ತಿ ಸೂಜಿ ಮನೆಗಳಿಂದ ಬಂದವು. ಶುಗರಿನವರು ಬೆಳಿಗ್ಗೆ ಸಂಜೆ ಚುಚ್ಚಿಕೊಂಡು, ಟೋಪಿ ಹಾಕದೆ ಹಸಿ ಕಸಕ್ಕೆ ಎಸೆದವು. ಎರಡನೇ ಪಾಲು ಕುರಿಯವು, ಅದೂ ಬಹುತೇಕ ಸೋಮವಾರದ ಕಸದಲ್ಲಿ, ಸಂತೆ ಬೀದಿಯ ಆಟೋದಲ್ಲಿ. ಕುರಿಗಾರರು ಸಂತೆಗೆ ಬಂದಾಗ ಔಷಧ ಕೊಂಡು, ಅಲ್ಲೇ ಕುರಿಗೆ ಚುಚ್ಚಿ, ಸೂಜಿಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ನಾವು ದಂಡ ಹಾಕಿದ ದವಾಖಾನೆಗಳ ಪಾಲು ಮೂರನೆಯದು. ದಂಡದ ನಂತರದ ಲೆಕ್ಕ ಇದು, ಮೊದಲು ಜಾಸ್ತಿ ಇದ್ದಿರಬಹುದು. ಹಾಗಿದ್ದರೂ ಮನೆ ಮತ್ತು ಕುರಿ ಅನ್ನುವ ಎರಡು ಮೂಲಗಳು ನಮ್ಮ ಯಾರ ತಲೆಯಲ್ಲೂ ಇರಲಿಲ್ಲ.

ಶುಗರಿನ ಅಜ್ಜಿಯ ಮೇಲೆ ದಂಡ ಹಾಕುತ್ತೀರಾ? ಕುರಿಗಾರನ ಹಿಂದೆ ಓಡುತ್ತೀರಾ? ನಮ್ಮ ಕೈಯಲ್ಲಿದ್ದ ಒಂದೇ ಅಸ್ತ್ರ ಇಲ್ಲಿ ನಡೆಯುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಸೂಜಿಗೆ ಒಂದು ಜಾಗ

ಮನೆಯ ಸೂಜಿ ಯಾರ ಹೊಣೆ? ಇದರ ಮೇಲೆ ಒಂದು ತಿಂಗಳು ಪತ್ರ ಓಡಾಡಿತು. ಸಂಸ್ಕರಣಾ ಘಟಕದವರು, ನಮ್ಮ ಒಪ್ಪಂದ ಆಸ್ಪತ್ರೆಗಳ ಜೊತೆ ಮಾತ್ರ ಅಂದರು. ನಮ್ಮ ಕಚೇರಿಯಲ್ಲಿ, ಸೂಜಿ ಅಂದರೆ ಆಸ್ಪತ್ರೆಯದ್ದು, ನಮ್ಮದಲ್ಲ ಅಂದರು. ನಾನು ಎರಡೂ ನಿಯಮಗಳನ್ನು ಮನೆಗೆ ಒಯ್ದು ರಾತ್ರಿ ಕೂತು ಓದಿದೆ.

ಉತ್ತರ ಅಲ್ಲೇ ಇತ್ತು. 2016ರ ಘನತ್ಯಾಜ್ಯ ನಿಯಮ ಮನೆಯ ಅಪಾಯಕಾರಿ ತ್ಯಾಜ್ಯ ಅಂತ ಒಂದು ಪಟ್ಟಿ ಕೊಟ್ಟಿತ್ತು: ಬಣ್ಣದ ಡಬ್ಬಿ, ಕೀಟನಾಶಕದ ಕ್ಯಾನು, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಒಡೆದ ಥರ್ಮಾಮೀಟರು, ಹಳೇ ಬ್ಯಾಟರಿ, ಬಳಸಿದ ಸೂಜಿ ಮತ್ತು ಸಿರಿಂಜು. ಇವನ್ನು ತಂದುಕೊಡಲು ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕಿತ್ತು. ವೈದ್ಯಕೀಯ ತ್ಯಾಜ್ಯ ನಿಯಮದ ಮೊದಲ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಮನೆಯವರು ಇಂಥ ತ್ಯಾಜ್ಯವನ್ನು ಬೇರೆ ಚೀಲ ಅಥವಾ ಡಬ್ಬಿಯಲ್ಲಿ ಕಸ ಸಂಗ್ರಹಿಸುವವರಿಗೆ ಕೊಡಬೇಕು. ಸ್ಥಳೀಯ ಸಂಸ್ಥೆ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಮಾಡಿಕೊಂಡು ಅದನ್ನು ಕಳಿಸಬೇಕು. ಆ ಸಾಲಿನ ಕೆಳಗೆ ಗೆರೆ ಎಳೆದು ಮುಖ್ಯಾಧಿಕಾರಿಗಳ ಮೇಜಿನ ಮೇಲಿಟ್ಟೆ. ಹದಿನೈದು ದಿನದಲ್ಲಿ ಒಪ್ಪಂದ ಆಯಿತು. ಇದೇ ಗೊಂದಲದಲ್ಲಿರುವ ಬೇರೆ ಊರಿನವರು ಮೊದಲು ಆ ಅನುಸೂಚಿ ತೆಗೆದು ನೋಡಲಿ, ನಮ್ಮ ಹಾಗೆ ತಿಂಗಳು ಕಳೆಯುವುದು ಬೇಡ.

ಮನೆಯವರಿಗೆ ಏನು ಹೇಳಬೇಕು ಅನ್ನುವುದರಲ್ಲೂ ಎಡವಿದೆವು. ಮೊದಲು ಒಂದು ಪಾಂಪ್ಲೆಟ್ ಅಚ್ಚು ಹಾಕಿಸಿದೆವು. ಉದ್ದುದ್ದ ಮಾತು, ಯಾರೂ ಓದಲಿಲ್ಲ. ಆಮೇಲೆ ಆಶಾ ಕಾರ್ಯಕರ್ತೆಯರು ಶುಗರಿನವರ ಮನೆಗೆ ಹೋಗಿ ಕೈಯಲ್ಲಿ ಹಿಡಿದು ತೋರಿಸಿದರು: ಟಾಯ್ಲೆಟ್ ಕ್ಲೀನರಿನ ಖಾಲಿ ಬಾಟ್ಲಿ ಗಟ್ಟಿ ಇರುತ್ತದೆ, ಚುಚ್ಚಿದರೂ ತೂತಾಗುವುದಿಲ್ಲ. ಅದನ್ನು ತೊಳೆದು ಇಟ್ಟುಕೊಳ್ಳಿ. ಸೂಜಿ ಅದಕ್ಕೇ ಹಾಕಿ. ಮುಕ್ಕಾಲು ತುಂಬಿದರೆ ಮುಚ್ಚಳ ಬಿಗಿ ಮಾಡಿ ಟೇಪು ಸುತ್ತಿ. ನೀರಿನ ಬಾಟ್ಲಿ ಬೇಡ, ತೆಳು. ಇಷ್ಟೇ ಮಾತು. ಇದು ನಡೆಯಿತು.

ಬಾಟ್ಲಿ ಎಲ್ಲಿ ಕೊಡಬೇಕು? ಆಟೋ ಚಾಲಕನ ಪಕ್ಕದ ಕಂಬಿಗೆ ಬಿಳಿ ಡಬ್ಬಿ ಕಟ್ಟಬೇಕು ಅನ್ನುವುದು ಅಕ್ಕನ ಸಲಹೆ. ಹಿಂದೆ ಕಟ್ಟಿದರೆ ಕಸದ ಜೊತೆ ಬೀಳುತ್ತದೆ, ಮುಂದೆ ಇದ್ದರೆ ಕಣ್ಣಿಗೆ ಕಾಣುತ್ತದೆ ಅಂದರು. ನಮ್ಮ ಎಂಜಿನಿಯರು ಹಿಂದೆ ಕಟ್ಟುವ ಚಿತ್ರ ಬರೆದಿದ್ದರು. ಅಕ್ಕ ಹೇಳಿದ ಹಾಗೇ ಮಾಡಿದೆವು. ಎರಡನೇ ಜಾಗ ಮೆಡಿಕಲ್ ಶಾಪು. ಇನ್ಸುಲಿನ್ ಕೊಳ್ಳಲು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕಲ್ಲ. ಅಂಗಡಿಯವರು ಮೊದಲು ಒಪ್ಪಲಿಲ್ಲ, ಲೈಸೆನ್ಸಿಗೆ ತೊಂದರೆ ಆಗುತ್ತದೆ ಅಂದರು. ತಾಯಿಯೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರು ಒಪ್ಪಿದರು. ಅವರ ಅಂಗಡಿಗೆ ಜನ ಜಾಸ್ತಿ ಹೋಗತೊಡಗಿದ ಮೇಲೆ ಉಳಿದವರೂ ಡಬ್ಬಿ ಕೇಳಿ ಬಂದರು.

ಸಣ್ಣ ಕ್ಲಿನಿಕ್ಕುಗಳ ಗಾಡಿಯ ಸಮಸ್ಯೆಗೆ ದೊಡ್ಡ ಪರಿಹಾರವೇನೂ ಬೇಕಾಗಿರಲಿಲ್ಲ. ಗಾಡಿ ಚಾಲಕ, ಕ್ಲಿನಿಕ್ಕಿನವರು, ನಾನು ಎಲ್ಲರೂ ಇರುವ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಗಾಡಿ ಊರಿಗೆ ಬಂದಾಗ ಒಂದು ಮೆಸೇಜು. ನಿಲ್ಲದೆ ಹೋದರೆ ಅಲ್ಲೇ ದೂರು. ಎಲ್ಲರ ಕಣ್ಣೆದುರು ಇದ್ದದ್ದರಿಂದ ಗಾಡಿ ನಿಲ್ಲತೊಡಗಿತು.

ಕುರಿಗಾರರದ್ದು ಕಷ್ಟ ಆಯಿತು. ಪಶು ಆಸ್ಪತ್ರೆಗೂ ವೈದ್ಯಕೀಯ ತ್ಯಾಜ್ಯದ ನಿಯಮ ಅನ್ವಯಿಸುತ್ತದೆ, ಅಲ್ಲಿ ಡಬ್ಬಿ ಇತ್ತು. ಆದರೆ ಸಂತೆ ದಿನ ಭಾನುವಾರ, ಆಸ್ಪತ್ರೆಗೆ ರಜೆ. ಸಂತೆ ಬಯಲಿನ ಬೇವಿನ ಮರಕ್ಕೆ ಒಂದು ಡಬ್ಬಿ ಕಟ್ಟಿದೆವು. ಎರಡನೇ ವಾರಕ್ಕೆ ಡಬ್ಬಿಯೇ ಕಳುವಾಯಿತು. ಆಮೇಲೆ ಪಶು ಔಷಧ ಮಾರುವ ಅಂಗಡಿಯವರ ಗಲ್ಲಾದ ಪಕ್ಕ ಇಟ್ಟೆವು. ಹಿರಿಯ ಕುರಿಗಾರರೊಬ್ಬರು ಒಂದು ಪ್ರಶ್ನೆ ಕೇಳಿದರು: "ಒಂದ್ ಸೂಜಿ ಹತ್ ಕುರಿಗಿ ಹಾಕ್ತೀವಿ. ಇದನ್ನ ಇಲ್ಲೇ ಹಾಕಿದ್ರ ನಾಳಿಗಿ ಎಲ್ಲಿಂದ ತರ್ಲಿ?" ಸಮಸ್ಯೆಯ ಇನ್ನೊಂದು ಮುಖ ಅದು. ಒಂದೇ ಸೂಜಿಯಿಂದ ಕುರಿಯಿಂದ ಕುರಿಗೆ ರೋಗ ದಾಟುತ್ತದೆ. ಅದಕ್ಕೆ ಪಶು ವೈದ್ಯರು ಹಟ್ಟಿಗೆ ಹೋಗಿ ಮಾತಾಡಬೇಕಾಯಿತು. ಈ ಭಾಗ ಇನ್ನೂ ಪೂರ್ತಿ ಆಗಿಲ್ಲ.

ಲೆಕ್ಕ ಜಾಸ್ತಿ ಆದಾಗ

ಇದೆಲ್ಲದರ ಜೊತೆಗೇ ಸೂಜಿ ಚುಚ್ಚಿದ ಪುಸ್ತಕ ಅಂತ ಒಂದು ರಿಜಿಸ್ಟರ್ ಇಟ್ಟೆವು. ಮೂರು ಷರತ್ತು ಹಾಕಿದೆವು. ಹೇಳಿದವರಿಗೆ ಬೈಯುವಂತಿಲ್ಲ. ಪಗಾರ ಹಿಡಿಯುವಂತಿಲ್ಲ. ಆಸ್ಪತ್ರೆಗೆ ಹೋದ ಹೊತ್ತು ಹಾಜರಿಯಲ್ಲೇ ಸೇರಬೇಕು. ಮೇಸ್ತ್ರಿಯವರೇ ಇದನ್ನು ಎಲ್ಲರೆದುರು ಓದಿ ಹೇಳಿದರು. ಎಲ್ಲ ಪೌರಕಾರ್ಮಿಕರಿಗೂ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿದೆವು: ಇವತ್ತು ಒಂದು, ತಿಂಗಳ ಮೇಲೆ ಒಂದು, ಆರನೇ ತಿಂಗಳಿಗೆ ಒಂದು.

ಹಿಂದಿನ ವರ್ಷಗಳ ದಾಖಲೆಯಲ್ಲಿ ಸೂಜಿ ಚುಚ್ಚಿದ ಪ್ರಕರಣ ಸೊನ್ನೆ. ಹೊಸ ಪುಸ್ತಕದಲ್ಲಿ ಮೊದಲ ತಿಂಗಳೇ ಮೂರು. ಪರಿಶೀಲನಾ ಸಭೆಯಲ್ಲಿ ಮೇಲಿನವರು ಕೇಳಿದರು: ಇಷ್ಟೆಲ್ಲ ಮಾಡಿದ ಮೇಲೂ ಜಾಸ್ತಿ ಆಯಿತಲ್ಲ, ಏನು ಕೆಲಸ ಮಾಡುತ್ತಿದ್ದೀರಿ? ಆ ಪ್ರಶ್ನೆಗೆ ಹೆದರಿ ಪುಸ್ತಕ ಮುಚ್ಚಿದ್ದರೆ ಎಲ್ಲವೂ ಹಳೆಯದಕ್ಕೇ ಹೋಗುತ್ತಿತ್ತು. ನಾನು ಅಕ್ಕನ 75 ಗಂಟೆಯ ಕಥೆ ಹೇಳಿದೆ. ಈ ಮೂವರೂ ಚುಚ್ಚಿದ ದಿನವೇ ಆಸ್ಪತ್ರೆ ತಲುಪಿದ್ದಾರೆ, ಒಬ್ಬರಂತೂ ಒಂದು ಗಂಟೆಯೊಳಗೆ ಅಂತ ತೋರಿಸಿದೆ. ಹಿಂದಿನ ಸೊನ್ನೆ ನಿಜವಾದ ಸೊನ್ನೆ ಅಲ್ಲ, ಯಾರೂ ಬಾಯಿ ಬಿಡದ್ದರಿಂದ ಬಂದ ಸೊನ್ನೆ ಅಂದೆ. ಸಭೆ ಒಪ್ಪಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಈ ಗಳಿಗೆ. ಬೇರೆ ಊರಿನಲ್ಲಿ ಇಂಥ ಪುಸ್ತಕ ಶುರು ಮಾಡುವವರು, ಮೊದಲ ತಿಂಗಳು ಲೆಕ್ಕ ಏರುತ್ತದೆ ಅಂತ ಮೇಲಿನವರಿಗೆ ಮೊದಲೇ ಹೇಳಿಟ್ಟುಕೊಳ್ಳಿ.

ಆರು ತಿಂಗಳ ಮೇಲೆ ಮತ್ತೆ ಒಂದು ವಾರ ತಾಡಪತ್ರಿ ಹಾಸಿ ಎಣಿಸಿದೆವು. ಇನ್ಸುಲಿನ್ ಸೂಜಿ ಎದ್ದು ಕಾಣುವಷ್ಟು ಇಳಿದಿತ್ತು. ದವಾಖಾನೆಯವು ಒಂದೆರಡು ಮಾತ್ರ. ಕುರಿಯ ಸೂಜಿ ಸೋಮವಾರದ ಕಸದಲ್ಲಿ ಇನ್ನೂ ಬರುತ್ತಿತ್ತು, ಮೊದಲಿಗಿಂತ ಕಮ್ಮಿ. ಗಂಟು ಹಾಕಿದ ಕ್ಯಾರಿಬ್ಯಾಗು ಮಾತ್ರ ನಿಂತಿರಲಿಲ್ಲ. ಹೀಗಾಗಿ ಗಂಟು ಬಿಚ್ಚುವ ಪದ್ಧತಿಯನ್ನೇ ಬಿಟ್ಟೆವು. ಈಗ ಕೊಕ್ಕೆಯ ಕೋಲಿನಿಂದ ಚೀಲ ಹರಿದು, ತಾಡಪತ್ರಿಯ ಮೇಲೆ ಹರಡಿ, ಚಿಮಟಿಗೆಯಲ್ಲಿ ಬೇರೆ ಮಾಡುತ್ತಾರೆ. ಕೆಲಸ ನಿಧಾನ. ಒಂದು ಟ್ರಿಪ್ಪು ಕಮ್ಮಿಯಾಯಿತು ಅಂತ ದೂರು ಬಂತು. ಕಮ್ಮಿಯಾಗಲಿ ಅಂದೆವು.

ಅಕ್ಕನಿಗೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ರಕ್ತ ಪರೀಕ್ಷೆ ಆಯಿತು. ಪ್ರತಿ ಸಲವೂ ಹಿಂದಿನ ರಾತ್ರಿ ಅವರು ಊಟ ಮಾಡಿರಲಿಲ್ಲ ಅಂತ ಮಗಳು ಹೇಳಿದಳು. ಮೂರೂ ಸೋಂಕು ಇಲ್ಲ ಅಂತ ಆರನೇ ತಿಂಗಳ ವರದಿ ಬಂದ ದಿನ ಅಕ್ಕ ಅಲ್ಲೇ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅತ್ತರು. ಅವತ್ತೇ ಮೂರನೇ ಡೋಸೂ ಆಯಿತು.

ಆಮೇಲೆ ಕಣ್ಣೊರೆಸಿಕೊಂಡು ಅವರು ಕೇಳಿದ್ದು ಉಳಿದವರ ಬಗ್ಗೆ. ಎರಡು ಡೋಸ್ ಆದ ಮೇಲೆ ನಾಲ್ಕು ಜನ ಕೆಲಸ ಬಿಟ್ಟು ಬೆಂಗಳೂರಿಗೆ ದುಡಿಯಲು ಹೋಗಿದ್ದರು. ಅವರ ಮೂರನೇ ಡೋಸಿನ ತಾರೀಖನ್ನು ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆವು. ಇಬ್ಬರಿಗೆ ಫೋನಿನಲ್ಲಿ ಹೇಳಿ ಅಲ್ಲಿನ ಆಸ್ಪತ್ರೆಯಲ್ಲೇ ಹಾಕಿಸಿದೆವು. ಇನ್ನೊಬ್ಬರು ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದಾಗ ಅಕ್ಕನೇ ಅವರ ಕೈಹಿಡಿದು ಆಸ್ಪತ್ರೆಗೆ ಕರೆತಂದರು. ನಾಲ್ಕನೆಯವರ ಫೋನು ಈಗಲೂ ಸ್ವಿಚ್ ಆಫ್ ಇದೆ. ಅವರ ಹೆಸರಿನ ಮುಂದಿನ ಕೆಂಪು ಗೆರೆಯನ್ನು ಅಳಿಸಿಲ್ಲ. ನನ್ನ ನಂತರ ಬಂದ ನಿರೀಕ್ಷಕರಿಗೆ ಪುಸ್ತಕ ಒಪ್ಪಿಸುವಾಗ ಮೊದಲು ತೆಗೆದು ತೋರಿಸಿದ್ದು ಆ ಹಾಳೆಯನ್ನೇ.